ಈ ಬ್ಯಾಗ್ ಯಾರದ್ದು ಮಾರಾಯ್ರೆ?

ಕಳೆದ ಸೆಮಿಸ್ಟರ್‌ನ ಮಾತು. ನಾನೂ ನನ್ನ ಗೆಳೆಯನೂ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ದೆವು. ಕಾರ್ಕಳದ ಹತ್ತಿರ ನನ್ನ ಅಜ್ಜನ ಮನೆಯಲ್ಲಿ ಸಣ್ಣದೊಂದು ಅಡಿಕೆ ತೋಟ ಉಂಟು. ತೋಟದ ಮಣ್ಣು ಒಣಗಿದಾಗ ಪಂಪ್ ತಾನಾಗಿಯೇ ಚಾಲೂ ಆಗಿ, ಸಾಕಷ್ಟು ನೀರು ಬಿದ್ದ ಮೇಲೆ ತಾನಾಗಿಯೇ ನಿಲ್ಲುವ ಟೈಮರ್ ನಮ್ಮದು. ಕೇಳಲಿಕ್ಕೆ ದೊಡ್ಡ ಸಂಗತಿಯಂತಿದ್ದರೂ ನೋಡಲಿಕ್ಕೆ ಅದೊಂದು ಹಳೆಯ ಟಿಫಿನ್ ಡಬ್ಬಿ. ಒಳಗೆ ಬ್ಯಾಟರಿ, ಸರ್ಕ್ಯೂಟ್ ಬೋರ್ಡ್, ಕೆಂಪು ಹಳದಿ ವಯರುಗಳು. ಮುಚ್ಚಳ ಕೊರೆದು ಕೂರಿಸಿದ ಪುಟ್ಟ ಗಡಿಯಾರದ ಡಿಸ್‌ಪ್ಲೇ, ಪಕ್ಕದಲ್ಲಿ ಮಿಣಿಮಿಣಿ ಎನ್ನುವ ಕೆಂಪು ದೀಪ.

ತೋಟದಲ್ಲಿ ಪರೀಕ್ಷೆ ಮಾಡಿ ಹಿಂದೆ ಬರುವಾಗ ನಮ್ಮ ಜಿಲ್ಲೆಯ ಒಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಸ್ ಬದಲಿಸಬೇಕಿತ್ತು. ಯಾವ ಸ್ಟ್ಯಾಂಡ್ ಎಂದು ಬೇಡ. ಬ್ಯಾಗನ್ನು ಕಲ್ಲುಬೆಂಚಿನ ಮೇಲಿಟ್ಟು ಎದುರಿನ ಅಂಗಡಿಗೆ ಗೋಳಿಬಜೆ ತಿನ್ನಲು ಹೋದೆವು. ಹತ್ತು ನಿಮಿಷ ಆಗಿರಬಹುದು. ತಿರುಗಿ ಬರುವಾಗ ಬೆಂಚಿನ ಸುತ್ತ ಜನ ಒಂದು ದೊಡ್ಡ ವೃತ್ತದಲ್ಲಿ ನಿಂತಿದ್ದರು. ವೃತ್ತದ ನಡುವೆ ನನ್ನ ಬ್ಯಾಗ್, ಅರ್ಧ ತೆರೆದ ಜಿಪ್, ಅದರೊಳಗಿಂದ ಮಿಣುಕುವ ಕೆಂಪು ದೀಪ. ಒಬ್ಬ ಕಂಡಕ್ಟರ್ ಕೂಗುತ್ತಿದ್ದರು: "ಈ ಬ್ಯಾಗ್ ಯಾರದ್ದು ಮಾರಾಯ್ರೆ? ಯಾರದ್ದು ಹೇಳಿ!"

"ನಂದು, ನಂದು" ಎಂದು ಓಡಿದೆ. ಡಬ್ಬಿ ತೆರೆದು ತೋರಿಸಿದೆ. ಒಬ್ಬರು ನಕ್ಕರು, ಇಬ್ಬರು ಬೈದರು, ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದವರಿಗೆ ನಿರಾಸೆಯಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿರಿಯರೊಬ್ಬರು ನನ್ನ ಹೆಸರು, ಊರು, ತಂದೆ ಏನು ಮಾಡುತ್ತಾರೆ ಎಂದೆಲ್ಲ ವಿಚಾರಿಸಿದರು. ಹೇಳಿದೆ. "ಆಯ್ತು ಮಗ, ಇನ್ನು ಹೀಗೆಲ್ಲ ಬಿಟ್ಟು ಹೋಗ್ಬೇಡ" ಎಂದರು. ಆಮೇಲೆ ಗೆಳೆಯನ ಹೆಸರು ಕೇಳಿದರು. ಅವನೂ ಹೇಳಿದ. ಅವರು ಒಂದು ಕ್ಷಣ ಸುಮ್ಮನಾಗಿ, "ಐಡಿ ಕಾರ್ಡ್ ಉಂಟಾ?" ಎಂದರು. ಕಾರ್ಡನ್ನು ಎದುರಿನಿಂದ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಡಬ್ಬಿಯನ್ನು ಇನ್ನೊಮ್ಮೆ ತೆರೆಯಿಸಿದರು. ನನ್ನ ಐಡಿ ಕಾರ್ಡ್ ಯಾರೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಅವನು ಏನೂ ಮಾತಾಡಲಿಲ್ಲ. ಮಣಿಪಾಲ ಬರುವಾಗ ಒಂದೇ ಮಾತು ಹೇಳಿದ: "ಇನ್ನು ಆ ಡಬ್ಬಿಯನ್ನು ನೀನೇ ಹಿಡ್ಕೊ."

ಆ ಹಿರಿಯರನ್ನು ಕೆಟ್ಟವರೆಂದು ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಊರಿನಲ್ಲಿ ಬ್ಯಾಗಿಗೆ ಹೆದರಲು ಕಾರಣ ಇದೆ. ನನ್ನ ಅಪ್ಪನೇ ಹೆದರುತ್ತಾರೆ.

ಅಪ್ಪ ಕಾಪುವಿನಲ್ಲಿ ಆಟೋ ಓಡಿಸುತ್ತಾರೆ. 2022ರ ನವೆಂಬರ್ 19, ಶನಿವಾರ ಸಂಜೆ. ನಾನಾಗ ದ್ವಿತೀಯ ಪಿಯುಸಿ. ಮಂಗಳೂರಿನ ನಾಗುರಿಯಲ್ಲಿ ಆಟೋ ಒಂದಕ್ಕೆ ಬೆಂಕಿ ಹತ್ತಿದೆ ಎಂದು ಅಪ್ಪನ ಆಟೋ ಗ್ರೂಪಿನಲ್ಲಿ ವಿಡಿಯೊ ಬಂತು. ಗ್ಯಾಸ್ ಸೋರಿರಬೇಕು ಎಂದೇ ಎಲ್ಲರೂ ಮಾತಾಡಿಕೊಂಡರು. ಮರುದಿನ ಬೆಳಿಗ್ಗೆ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಇದು ಆಕಸ್ಮಿಕವಲ್ಲ, ಭಯೋತ್ಪಾದನೆಯ ಕೃತ್ಯ ಎಂದರು. ಪ್ರಯಾಣಿಕನ ಬ್ಯಾಗಿನಲ್ಲಿ ಇದ್ದದ್ದು ಕುಕ್ಕರ್ ಬಾಂಬ್. ಅದು ಎಲ್ಲಿ ಸಿಡಿಯಬೇಕಿತ್ತೋ ಅಲ್ಲಿಗೆ ತಲುಪುವ ಮೊದಲೇ ಸಿಡಿದಿತ್ತು. ಬಾಂಬ್ ತಂದವನಿಗೂ ಸುಟ್ಟ ಗಾಯ, ಏನೂ ಅರಿಯದೆ ಬಾಡಿಗೆಗೆ ಬಂದ ಚಾಲಕರಿಗೂ ಸುಟ್ಟ ಗಾಯ.

ಆ ಚಾಲಕರ ವಯಸ್ಸು ಹೆಚ್ಚುಕಡಿಮೆ ಅಪ್ಪನ ಪ್ರಾಯ. ಅವರ ಮನೆಯಲ್ಲಿ ಮಗಳ ಮದುವೆಯ ಮಾತು ನಡೆದಿತ್ತು ಎಂದು ಪತ್ರಿಕೆಯಲ್ಲಿ ಓದಿದ ದಿನ ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಸ್ಫೋಟದ ಸುದ್ದಿ ಪತ್ರಿಕೆಯ ಮೊದಲ ಪುಟದಲ್ಲಿ ಒಂದು ವಾರ ಇತ್ತು. ಚಾಲಕರು ಆಸ್ಪತ್ರೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ದಿನ ಇದ್ದರು. ಸುಟ್ಟ ಕೈಯಲ್ಲಿ ಮತ್ತೆ ಹ್ಯಾಂಡಲ್ ಹಿಡಿಯುವುದು ಎಷ್ಟು ಕಷ್ಟ ಎಂದು ನನಗಿಂತ ಅಪ್ಪನಿಗೆ ಚೆನ್ನಾಗಿ ಗೊತ್ತು.

ಆ ಪ್ರಕರಣದ ಇನ್ನೊಂದು ವಿವರ ನಾನು ಮರೆಯುವಂತಿಲ್ಲ. ಪ್ರಯಾಣಿಕನ ಬಳಿ ಸಿಕ್ಕ ಆಧಾರ್ ಕಾರ್ಡ್ ಅವನದ್ದಾಗಿರಲಿಲ್ಲ. ಹುಬ್ಬಳ್ಳಿಯ ಯಾರೋ ಒಬ್ಬರು ಎಂದೋ ಕಳೆದುಕೊಂಡಿದ್ದ ಕಾರ್ಡ್ ಅದು. ಹಾಗಾಗಿ ಪೊಲೀಸರ ಫೋನ್ ಮೊದಲು ಹೋದದ್ದು ಆ ಅಮಾಯಕರ ಮನೆಗೆ. ಬಾಂಬ್ ತಂದವನು ಬೇರೆ ಧರ್ಮದ ಹೆಸರನ್ನು ಜೇಬಿನಲ್ಲಿ ಇಟ್ಟುಕೊಂಡೇ ಆಟೋ ಹತ್ತಿದ್ದ. ಬಸ್ ಸ್ಟ್ಯಾಂಡಿನ ಹಿರಿಯರು ಅವನ ಹೆಸರು ಕೇಳಿದ್ದರೆ ಅವನನ್ನೂ "ಆಯ್ತು ಮಗ" ಎಂದು ಕಳಿಸುತ್ತಿದ್ದರೋ ಏನೋ.

ಆಮೇಲೆ ಕೆಲವು ತಿಂಗಳು ನಮ್ಮ ಕಡೆಯ ಆಟೋದವರೆಲ್ಲ ಬ್ಯಾಗ್ ಕಂಡರೆ "ಎಂತ ಉಂಟು ಅದರಲ್ಲಿ?" ಎಂದು ಕೇಳುವುದನ್ನು ಕಲಿತರು. ಉಡುಪಿಯಲ್ಲಿ ಹೊಸ ಕುಕ್ಕರ್ ಕೊಂಡು ಬಂದ ಹೆಂಗಸೊಬ್ಬರು ಅಪ್ಪನ ಆಟೋ ಹತ್ತಿದರಂತೆ. ಕವರಿನೊಳಗೆ ಕುಕ್ಕರಿನ ಹಿಡಿ ಕಂಡು ಅಪ್ಪನ ಎದೆ ಡವಡವ. ಕೇಳುವುದು ಹೇಗೆ, ಕೇಳದಿರುವುದು ಹೇಗೆ? ಕೊನೆಗೆ ಆ ಹೆಂಗಸೇ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿ, "ಬೇಕಾದರೆ ಬಿಚ್ಚಿ ತೋರಿಸ್ತೇನೆ ಅಣ್ಣ, ಗ್ಯಾರಂಟಿ ಕಾರ್ಡೂ ಉಂಟು" ಎಂದರಂತೆ. ಮನೆಗೆ ಬಂದು ಅಪ್ಪ ಇದನ್ನು ನಗುತ್ತಲೇ ಹೇಳಿದರು. ಆದರೆ ಇವತ್ತಿಗೂ ಒಬ್ಬನೇ ಬರುವ ಹುಡುಗನ ಕೈಯಲ್ಲಿ ಭಾರದ ಬ್ಯಾಗ್ ಕಂಡರೆ ಅವರು ಕಾಲ ಬಳಿ ಇಡಲು ಬಿಡುವುದಿಲ್ಲ, ಹಿಂದೆ ಇಡಿ ಎನ್ನುತ್ತಾರೆ. ಹಿಂದೆ ಇಟ್ಟರೆ ಏನು ವ್ಯತ್ಯಾಸವಾಗುತ್ತದೆ ಎಂದು ಒಮ್ಮೆ ಕೇಳಿದೆ. ಉತ್ತರ ಬರಲಿಲ್ಲ.

ಇದಕ್ಕೂ ಎರಡು ವರ್ಷ ಮೊದಲು ಇನ್ನೊಂದು ಬ್ಯಾಗ್ ಇತ್ತು. ಅದರ ಕಥೆ ಈ ಪುಟ ಓದುವ ನಮ್ಮಂಥವರಿಗೆ ಇನ್ನೂ ಹತ್ತಿರದ್ದು.

2020ರ ಜನವರಿ 20, ಸೋಮವಾರ. ನಾನಾಗ ಹೈಸ್ಕೂಲು. ಬಜಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಬ್ಯಾಗ್ ಒಂದನ್ನು ಭದ್ರತಾ ಸಿಬ್ಬಂದಿ ಗುರುತಿಸಿದರು. ಒಳಗೆ ಸ್ಫೋಟಕ. ಅದನ್ನು ವಿಶೇಷ ವಾಹನದಲ್ಲಿ ಕೆಂಜಾರಿನ ಬಯಲಿಗೆ ಒಯ್ದು, ಮರಳಿನ ಚೀಲಗಳ ನಡುವೆ ಇಟ್ಟು ಸಂಜೆ ಹೊತ್ತಿಗೆ ಸಿಡಿಸಿದರು. ಟಿವಿಯಲ್ಲಿ ಆ ಸದ್ದನ್ನು ಕೇಳಿದವರು ನಿಮ್ಮಲ್ಲೂ ಇರಬಹುದು. ಆಗ ಪೌರತ್ವ ಕಾಯ್ದೆಯ ಗಲಾಟೆಯಿಂದ ಮಂಗಳೂರು ಮೊದಲೇ ಕಾದು ಕೆಂಡವಾಗಿತ್ತು. ಬಾಂಬ್ ಇಟ್ಟವರು ಯಾರೆಂದು ಪೊಲೀಸರಿಗೆ ಗೊತ್ತಾಗುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನಮ್ಮ ಟ್ಯೂಷನ್ ಕ್ಲಾಸಿನಲ್ಲೂ ಗೊತ್ತಾಗಿತ್ತು.

ಎರಡು ದಿನಗಳ ನಂತರ ಬೆಂಗಳೂರಿನಲ್ಲಿ ಒಬ್ಬಾತ ತಾನಾಗಿ ಪೊಲೀಸರಿಗೆ ಶರಣಾದ. ಊರು ಮಣಿಪಾಲ. ಓದಿದ್ದು ಎಂಜಿನಿಯರಿಂಗ್, ಮೇಲೆ ಎಂಬಿಎ. ವಾಟ್ಸ್‌ಆ್ಯಪ್ ಊಹಿಸಿದ್ದ ಧರ್ಮ ಅವನದ್ದಾಗಿರಲಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಲಸ ಕೇಳಿ ಸಿಗದಿದ್ದದ್ದು ಅವನ ಸಿಟ್ಟಿಗೆ ಮೂಲ ಎಂದು ತನಿಖೆ ಹೇಳಿತು. ಹಿಂದೆ ಅಲ್ಲಿಗೆ ಹುಸಿ ಬಾಂಬ್ ಕರೆ ಮಾಡಿ ಜೈಲಿಗೂ ಹೋಗಿ ಬಂದಿದ್ದ. 2022ರಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ 20 ವರ್ಷ ಕಠಿಣ ಸಜೆ ವಿಧಿಸಿತು.

ನಾನು ಓದುವುದೂ ಎಂಜಿನಿಯರಿಂಗ್. ಇನ್ನು ಎರಡು ವರ್ಷದಲ್ಲಿ ನಾನೂ ರೆಸ್ಯೂಮೆ ಹಿಡಿದು ಬಾಗಿಲು ಬಾಗಿಲು ತಟ್ಟುವವನು. ಕೆಲಸ ಸಿಗದ ಸಿಟ್ಟು ಹೇಗಿರುತ್ತದೆ ಎಂದು ನಮ್ಮ ಸೀನಿಯರ್‌ಗಳ ಮುಖದಲ್ಲಿ ನೋಡಿದ್ದೇನೆ. ಆ ಸಿಟ್ಟು ನಿಜ, ಅದನ್ನು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಆ ಬೆಳಿಗ್ಗೆ ಬಜಪೆಯಲ್ಲಿ ಕ್ಯೂ ನಿಂತಿದ್ದವರು ಯಾರು? ದುಬೈಗೋ ಮಸ್ಕತ್‌ಗೋ ಕೆಲಸಕ್ಕೆ ಹೊರಟವರು, ಅವರನ್ನು ಬಿಡಲು ಬಂದ ಅಮ್ಮಂದಿರು, ಟ್ರಾಲಿ ತಳ್ಳುವ ಹುಡುಗರು. ಅವನ ಅರ್ಜಿ ತಿರಸ್ಕರಿಸಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಬಾಂಬಿಗೆ ವಿಳಾಸ ಓದಲು ಬರುವುದಿಲ್ಲ.

ಈ ಮಾತು ಇಂದಿನದ್ದಲ್ಲ. 1908ರ ಏಪ್ರಿಲ್ 30ರಂದು ಮುಜಫರ್‌ಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಬಾಂಬ್ ಎಸೆದದ್ದು ಕಿಂಗ್ಸ್‌ಫರ್ಡ್ ಎಂಬ ನ್ಯಾಯಾಧೀಶನಿಗೆಂದು. ಗಾಡಿಯಲ್ಲಿದ್ದವರು ಬೇರೆ ಇಬ್ಬರು ಹೆಂಗಸರು, ತಾಯಿ ಮತ್ತು ಮಗಳು. ಖುದಿರಾಮ್‌ಗೆ ಗಲ್ಲಾದಾಗ ವಯಸ್ಸು ಹದಿನೆಂಟು. ಅವನ ದೇಶಪ್ರೇಮದ ಬಗ್ಗೆ ನನಗೆ ಗೌರವವಿದೆ, ಆದರೆ ಆ ತಾಯಿ ಮಗಳ ಬಗ್ಗೆ ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ಆ ಘಟನೆಯ ಕುರಿತು ಕೇಸರಿಯಲ್ಲಿ ಬರೆದದ್ದಕ್ಕೆ ತಿಲಕರು ಮಾಂಡಲೆಯ ಸೆರೆಮನೆಗೆ ಹೋದರು. ಅಲ್ಲಿ ಅವರು ಬರೆದ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರು ವೆಂಕಟರಾಯರು. ಅದೇ ವರ್ಷ ಬ್ರಿಟಿಷರು ತಂದ ಸ್ಫೋಟಕ ವಸ್ತುಗಳ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಉಳಿದು, ಬಾಂಬ್ ಪ್ರಕರಣಗಳ ಎಫ್‌ಐಆರ್‌ಗಳಲ್ಲಿ ಇಂದಿಗೂ ಕಾಣಿಸುತ್ತದೆ.

ಪ್ರಾಜೆಕ್ಟಿನ ಅವಾಂತರವನ್ನು ಅಜ್ಜನಿಗೆ ಹೇಳಿದಾಗ ಅವರು ಎರಡು ಸಲ ಕೇಳಿಸಿಕೊಂಡರು. ಅವರ ಎಡಕಿವಿ ಕೇಳುವುದಿಲ್ಲ. ಪ್ರಾಯದಲ್ಲಿ ಅವರು ಕಲ್ಲಿನ ಕೋರೆಯಲ್ಲಿ ದುಡಿದವರು. ಕಾರ್ಕಳ ಎಂದರೆ ಕಲ್ಲು. 1432ರಲ್ಲಿ ನಿಂತ ಗೊಮ್ಮಟನಿಂದ ಹಿಡಿದು ಇಂದಿನ ಜಲ್ಲಿಯವರೆಗೆ ಊರಿನ ಅನ್ನ ಕಲ್ಲಿನಿಂದ ಬಂದದ್ದು. ಗೊಮ್ಮಟನನ್ನು ಉಳಿಯಲ್ಲಿ ಕೆತ್ತಿದರು. ಅಜ್ಜನ ಕಾಲಕ್ಕೆ ಮದ್ದು ಬಂದಿತ್ತು.

ನಮ್ಮ ಭಾಷೆಯಲ್ಲಿ ಮದ್ದು ಎಂದರೆ ಔಷಧಿಯೂ ಹೌದು, ಸಿಡಿಯುವುದೂ ಹೌದು. ತುಳುವಿನ ಮರ್ದ್ ಕೂಡ ಹಾಗೆಯೇ. ಚಿಕ್ಕವನಿದ್ದಾಗ ಅಜ್ಜಿ "ಅಜ್ಜ ಮದ್ದು ಇಡ್ಲಿಕ್ಕೆ ಹೋಗಿದ್ದಾರೆ" ಎಂದರೆ ಯಾರಿಗೋ ಜ್ವರ ಬಂದಿರಬೇಕು ಎಂದುಕೊಳ್ಳುತ್ತಿದ್ದೆ. ಸ್ಫೋಟಕದ ಚರಿತ್ರೆಯೂ ಹೀಗೆ ಎರಡು ಅರ್ಥದ್ದೇ. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್‌ಗೆ ಪೇಟೆಂಟ್ ಪಡೆದ. ಅದಕ್ಕೆ ಮೂರು ವರ್ಷ ಮೊದಲು ಅವನ ತಮ್ಮ ಎಮಿಲ್ ಕಾರ್ಖಾನೆಯ ಸ್ಫೋಟದಲ್ಲೇ ಸತ್ತಿದ್ದ. ಸುರಂಗ, ಕಾಲುವೆ, ರೈಲುಹಳಿಗೆ ದಾರಿ ಮಾಡಿದ ಪದಾರ್ಥವೇ ಊರುಗಳನ್ನು ಪುಡಿ ಮಾಡಿತು. ಅಮೋನಿಯಂ ನೈಟ್ರೇಟ್ ಗೊಬ್ಬರವಾಗಿ ಬೆಳೆಗೆ ಜೀವ ಕೊಡುತ್ತದೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ 200ಕ್ಕೂ ಹೆಚ್ಚು ಜನರನ್ನು ಕೊಂದಿತು. ಅಲ್ಲಿ ಶತ್ರುವೇ ಇರಲಿಲ್ಲ, ಅಸಡ್ಡೆ ಇತ್ತು. ನಮ್ಮ ಘಟ್ಟದ ಮೇಲೆ ಶಿವಮೊಗ್ಗದ ಹುಣಸೋಡಿನಲ್ಲಿ 2021ರ ಜನವರಿ 21ರ ರಾತ್ರಿ ಕ್ವಾರಿಗೆ ತಂದಿದ್ದ ಸ್ಫೋಟಕ ಲಾರಿಯಲ್ಲೇ ಸಿಡಿದು ಕಾರ್ಮಿಕರು ಛಿದ್ರವಾದರು. ಪಕ್ಕದ ಜಿಲ್ಲೆಗಳವರು ಭೂಕಂಪವೆಂದು ಮನೆಯಿಂದ ಹೊರಗೆ ಓಡಿದ್ದರು.

ಅಜ್ಜ ಕೋರೆಯ ಪದ್ಧತಿ ವಿವರಿಸಿದರು. ಬತ್ತಿಗೆ ಬೆಂಕಿ ಕೊಡುವ ಮೊದಲು ಕೆಂಪು ಬಾವುಟ ಕಟ್ಟಬೇಕು. ಸೀಟಿ ಊದಬೇಕು. ನಾಲ್ಕೂ ದಿಕ್ಕಿಗೆ ಕೂಗಬೇಕು. ದನ ಮೇಯಿಸುವ ಹುಡುಗರು ಹತ್ತಿರ ಇಲ್ಲ ಎಂದು ನೋಡಿಕೊಳ್ಳಬೇಕು. ಎಷ್ಟು ಕುಳಿಗೆ ಮದ್ದು ತುಂಬಿದೆಯೋ ಅಷ್ಟು ಸದ್ದು ಎಣಿಸಬೇಕು. ಒಂದು ಸದ್ದು ಕಡಿಮೆಯಾದರೂ ಆ ಕಡೆ ಯಾರೂ ಹೋಗಬಾರದು. ಇಷ್ಟೆಲ್ಲ ಹೇಳಿ ಅಜ್ಜ, "ಕೂಗದೆ ಮದ್ದು ಹೊತ್ತಿಸುವವ ಎಂಥ ಮನುಷ್ಯ ಮಾರಾಯ?" ಎಂದರು. ಮಂಗಳೂರಿನ ಆಟೋದ ಬಗ್ಗೆ ನಾನು ಓದಿದ ಎಲ್ಲ ವರದಿಗಳಿಗಿಂತ ಆ ಪ್ರಶ್ನೆ ನನಗೆ ಹೆಚ್ಚು ಅರ್ಥವಾಯಿತು.

ಕೂಗದೆ ಹೊತ್ತಿಸುವ ಈ ವಿದ್ಯೆಯಲ್ಲಿ ನಮ್ಮ ನೆಲದ ಪಾಲೂ ಇದೆ. ನಮ್ಮ ಕರಾವಳಿಯಿಂದ ಘಟ್ಟ ಹತ್ತಿದರೆ ಹೊಸನಗರ ತಾಲ್ಲೂಕಿನ ನಗರ, ಹಳೆಯ ಬಿದನೂರು, ಸಿಗುತ್ತದೆ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ತನ್ನ ಹೆಸರಿಟ್ಟ. ಅಲ್ಲಿಯ ಪಾಳುಬಾವಿಯೊಂದನ್ನು 2018ರಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಮೈಸೂರು ಸೈನ್ಯದ ರಾಕೆಟ್‌ಗಳು. ಅಗೆದವರಿಗೆ ಸುಳಿವು ಕೊಟ್ಟದ್ದು ಬಾವಿಯ ಕೆಸರು: ಅದು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ, ಇನ್ನೂರು ವರ್ಷದ ಮೇಲೂ.

1780ರ ಪೊಳ್ಳಿಲೂರು ಯುದ್ಧದಲ್ಲಿ ಈ ರಾಕೆಟ್‌ಗಳು ಬ್ರಿಟಿಷರನ್ನು ದಿಕ್ಕೆಡಿಸಿದವು ಎಂದು ನಾವೆಲ್ಲ ಹೆಮ್ಮೆಯಿಂದ ಓದಿದ್ದೇವೆ. ಪಾಠ ಅಲ್ಲಿಗೇ ನಿಲ್ಲುತ್ತದೆ, ಕಥೆ ನಿಲ್ಲುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿನ ವೂಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ತನ್ನದನ್ನು ತಯಾರಿಸಿದ. 1807ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ನೌಕಾಪಡೆ ಕೋಪನ್‌ಹೇಗನ್ ನಗರದ ಮೇಲೆ ಫಿರಂಗಿ ಗುಂಡಿನ ಜತೆಗೆ ಈ ರಾಕೆಟ್‌ಗಳನ್ನೂ ರಾತ್ರಿಗಟ್ಟಲೆ ಸುರಿಸಿತು. ಮನೆಗಳು ಉರಿದವು, ದೊಡ್ಡ ಚರ್ಚಿನ ಗೋಪುರ ಉರಿದು ಬಿತ್ತು, ನೂರಾರು ನಾಗರಿಕರು ಸತ್ತರು. ಯುದ್ಧಭೂಮಿಗೆಂದು ನಮ್ಮಲ್ಲಿ ಮಾಡಿದ ವಸ್ತು ಹತ್ತೇ ವರ್ಷದೊಳಗೆ ಮಲಗಿದ್ದ ಊರಿನ ಮೇಲೆ ಬಿದ್ದಿತ್ತು. ಎಂಜಿನಿಯರ್ ಆಗುವವನಿಗೆ ಇದು ಯೋಚನೆಗೆ ಹಚ್ಚುವ ಸಂಗತಿ. ನಾವು ಮಾಡಿದ್ದು ನಮ್ಮ ಕೈಯಲ್ಲೇ ಇರುತ್ತದೆ ಎಂಬ ಗ್ಯಾರಂಟಿ ಕಾರ್ಡ್ ಯಾರೂ ಕೊಡುವುದಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದು ಹೆಚ್ಚಿನವರಿಗೆ ಗೊತ್ತು. 1911ರ ನವೆಂಬರ್ 1ರಂದು ಗವೊಟ್ಟಿ ಎಂಬ ಇಟಲಿಯ ಪೈಲಟ್ ಲಿಬಿಯಾದ ಮೇಲೆ ವಿಮಾನದಿಂದ ಕೈಯಾರೆ ಸಣ್ಣ ಬಾಂಬ್‌ಗಳನ್ನು ಎಸೆದ. ವಿಮಾನದಿಂದ ಬಿದ್ದ ಮೊದಲ ಬಾಂಬ್ ಅವು. 1937ರಲ್ಲಿ ಸ್ಪೇನಿನ ಗೆರ್ನಿಕಾ. 1942ರ ಏಪ್ರಿಲ್ 6ರಂದು ನಮ್ಮ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಜಪಾನಿನ ವಿಮಾನಗಳು. ಮೂರು ವರ್ಷದ ಬಳಿಕ ಅದೇ ಜಪಾನಿನ ಹಿರೋಷಿಮಾ. ಗವೊಟ್ಟಿಯ ಕೈಯಿಂದ ಹಿರೋಷಿಮಾದವರೆಗೆ ಬರೀ 34 ವರ್ಷ.

ಸಿಡಿದ ಕ್ಷಣದ ಬಗ್ಗೆ ಸಿನಿಮಾಗಳಿವೆ. ಅನಂತರದ ವರ್ಷಗಳ ಬಗ್ಗೆ ಓದತೊಡಗಿದ ಮೇಲೆ ನನಗೆ ನಿದ್ದೆ ಕಡಿಮೆಯಾಯಿತು. 2017ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕಟ್ಟಡಕ್ಕೆಂದು ಅಗೆಯುವಾಗ ಸಿಕ್ಕ ಒಂದೇ ಒಂದು ಬಾಂಬಿಗಾಗಿ ಸುಮಾರು 60,000 ಜನ ಒಂದು ದಿನ ಮನೆ ಬಿಡಬೇಕಾಯಿತು. ಎರಡನೇ ಮಹಾಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ 1.4 ಟನ್‌ನ ಬಾಂಬ್ ಅದು. ಲಾವೋಸ್ ಎಂಬ ಬಡ ದೇಶದ ಮೇಲೆ ಅಮೆರಿಕ 1964ರಿಂದ 1973ರವರೆಗೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು. ಚೆಂಡಿನಷ್ಟು ಗಾತ್ರದ ಸಣ್ಣ ಬಾಂಬ್‌ಗಳೇ ಸುಮಾರು 27 ಕೋಟಿ. ಅವುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ಗದ್ದೆಯಲ್ಲಿ, ಕಾಡಿನಲ್ಲಿ ಉಳಿದವು. ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರ ಹುಟ್ಟಿದ ಮಕ್ಕಳು ಅದನ್ನು ಚೆಂಡೆಂದು ಎತ್ತಿಕೊಂಡು ಕೈ ಕಳೆದುಕೊಂಡಿದ್ದಾರೆ. ಅಜ್ಜ ಹೇಳಿದ ಎಣಿಕೆ ಅಲ್ಲಿ ಯಾರೂ ಮಾಡಿರಲಿಲ್ಲ.

ಹಿರೋಷಿಮಾದಲ್ಲಿ 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ಬದುಕಿ ಉಳಿದವರನ್ನು ಹಿಬಾಕುಶ ಎನ್ನುತ್ತಾರೆ. ಅವರ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ವಿಕಿರಣಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ. ಹಿಬಾಕುಶ ಎಂದು ಗೊತ್ತಾದರೆ ಮದುವೆ ಸಂಬಂಧ ಮುರಿಯುತ್ತಿತ್ತು, ಕೆಲಸ ಸಿಗುತ್ತಿರಲಿಲ್ಲ. ಹಾಗಾಗಿ ಎಷ್ಟೋ ಮಂದಿ ದಶಕಗಳ ಕಾಲ ತಮ್ಮ ಊರಿನ ಹೆಸರನ್ನೇ ಮುಚ್ಚಿಟ್ಟು ಬದುಕಿದರು. ಬಾಂಬ್ ಹಾಕಿದವರು ಯಾರೋ. ಊರಿನ ಹೆಸರು ಹೇಳಲು ನಾಚಿಕೆ ಪಡಬೇಕಾದವರು ಇವರು. ಅವರದ್ದೇ ಸಂಘಟನೆ ನಿಹೊನ್ ಹಿಡಾಂಕ್ಯೊಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇದನ್ನು ಗೆಳೆಯನಿಗೆ ಹೇಳಿದೆ. ಅವನ ತಾಯಿಯ ತವರು ಭಟ್ಕಳ. ಇಂಡಿಯನ್ ಮುಜಾಹಿದೀನ್‌ನ ಪ್ರಮುಖರು ಭಟ್ಕಳದವರೆಂದು ತನಿಖಾ ಸಂಸ್ಥೆಗಳು ಹೇಳಿದ ಮೇಲೆ, ಅವರ ಹೆಸರಿನ ಮುಂದೆ ಊರೇ ಅಡ್ಡಹೆಸರಾಗಿ ಸೇರಿಕೊಂಡಿತು. ಆ ಹೆಸರು ಹೊತ್ತ ಒಬ್ಬನಿಗೆ ಹೈದರಾಬಾದಿನ ದಿಲ್‌ಸುಖ್‌ನಗರದ ಸ್ಫೋಟಕ್ಕಾಗಿ 2016ರಲ್ಲಿ ಶಿಕ್ಷೆಯೂ ಆಯಿತು. ಮಲ್ಲಿಗೆಗೆ ಹೆಸರಾದ ಊರು ಬಾಂಬಿಗೆ ಹೆಸರಾಯಿತು. ಗೆಳೆಯನ ಮಾವ ಬೆಂಗಳೂರಿನಲ್ಲಿ ರೂಮ್ ಹುಡುಕುವಾಗ "ಯಾವ ಊರು?" ಎಂದರೆ "ಮುರುಡೇಶ್ವರದ ಹತ್ತಿರ" ಎನ್ನುತ್ತಿದ್ದರಂತೆ. ಅದೇನೂ ಸುಳ್ಳಲ್ಲ ನೋಡಿ, ಹತ್ತಿರವೇ.

ಬೆಂಗಳೂರಿನವರ ಭಯವನ್ನೂ ಹಗುರವಾಗಿ ಕಾಣಲಾಗದು. ಆ ನಗರ ತಿಂದ ಪೆಟ್ಟುಗಳನ್ನು ನೆನಪಿಸಿಕೊಳ್ಳಿ. 2008ರ ಜುಲೈ 25ರಂದು ಒಂದೇ ಮಧ್ಯಾಹ್ನ ಸಾಲು ಸ್ಫೋಟಗಳು. ಮಡಿವಾಳದ ಬಸ್ ತಂಗುದಾಣದ ಬಳಿ ನಿಂತಿದ್ದ ಮಹಿಳೆಯೊಬ್ಬರು ಸತ್ತರು. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣ. 2013ರಲ್ಲಿ, ಅದೂ ಏಪ್ರಿಲ್ 17ರಂದೇ, ಮಲ್ಲೇಶ್ವರ. ಗಾಯಗೊಂಡವರಲ್ಲಿ ಕಾಲೇಜು ಹುಡುಗಿಯರೂ ಇದ್ದರು. 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟ್, ಒಬ್ಬ ಮಹಿಳೆಯ ಸಾವು. 2024ರ ಮಾರ್ಚ್ 1ರಂದು ಮಧ್ಯಾಹ್ನ ಊಟದ ಹೊತ್ತಿಗೆ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆ. ಕೆಫೆ ಸುಮಾರು ಒಂದು ವಾರಕ್ಕೆ ಮತ್ತೆ ತೆರೆದದ್ದು ಧೈರ್ಯದ ಮಾತು, ಒಪ್ಪುತ್ತೇನೆ. ಗಾಯಗೊಂಡವರ ಮೈ ಒಂದು ವಾರದಲ್ಲಿ ತೆರೆದುಕೊಳ್ಳುವುದಿಲ್ಲ.

ನನ್ನ ಚಿಕ್ಕಮ್ಮನ ಮಗಳು ನರ್ಸಿಂಗ್ ಓದುತ್ತಾಳೆ. ಅವಳನ್ನು ಕೇಳಿದೆ, ಸ್ಫೋಟದಲ್ಲಿ ನಿಜವಾಗಿ ಆಗುವುದೇನು ಎಂದು. ಮೊದಲು ಬರುವುದು ಗಾಳಿಯ ಒತ್ತಡದ ಅಲೆ. ಮೈಯಲ್ಲಿ ಗಾಳಿ ತುಂಬಿದ ಜಾಗಗಳನ್ನೇ ಅದು ಹುಡುಕುತ್ತದೆ: ಕಿವಿ, ಶ್ವಾಸಕೋಶ, ಕರುಳು. ಹೊರಗೆ ಗೀರು ಗಾಯ ಇಲ್ಲದವನೂ ಒಳಗೆ ಹರಿದಿರಬಹುದು. ಅನಂತರ ಚೂರುಗಳು. ಅನಂತರ ಮನುಷ್ಯ ಹಾರಿ ಗೋಡೆಗೆ ಬಡಿಯುವುದು. ಆಮೇಲೆ ಸುಟ್ಟ ಗಾಯ, ಹೊಗೆ, ಕುಸಿದ ಮಾಡು. "ಇದೆಲ್ಲ ಪುಸ್ತಕದಲ್ಲಿ ಉಂಟು. ಬಾಗಿಲು ಜೋರಾಗಿ ಬಡಿದರೆ ಹತ್ತು ವರ್ಷದ ಮೇಲೂ ನಡುಗುವವರು ಇರ್ತಾರೆ. ಅವರಿಗೆ ನಮ್ಮ ಹತ್ತಿರ ಬ್ಯಾಂಡೇಜ್ ಇಲ್ಲ" ಎಂದಳು. ಮೊದಲ ಮಹಾಯುದ್ಧದ ಸೈನಿಕರಲ್ಲಿ ಈ ನಡುಕ ಕಂಡಾಗ ಅದಕ್ಕೆ ಶೆಲ್ ಶಾಕ್ ಎಂದು ಹೆಸರಿಟ್ಟರು. ಹೇಡಿಗಳೆಂದು ಬೈದವರೂ ಇದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ವಯಸ್ಸಿನವರಿಗೆ ಬಾಂಬ್ ಒಂದು ತಮಾಷೆಯ ಶಬ್ದ. ಪರೀಕ್ಷೆ ಮುಂದೂಡಲು ಯಾರಾದರೂ ಒಂದು ಇ-ಮೇಲ್ ಕಳಿಸಬಾರದೇ ಎಂದು ನಮ್ಮ ಹಾಸ್ಟೆಲ್ಲಿನಲ್ಲಿ ಜೋಕ್ ಮಾಡುವುದನ್ನು ನಾನೇ ಕೇಳಿದ್ದೇನೆ, ನಕ್ಕೂ ಇದ್ದೇನೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಮೇಲ್ ಬಂದಾಗ ಚಪ್ಪಲಿಯನ್ನೂ ಸರಿಯಾಗಿ ಹಾಕದೆ ಶಾಲೆಗೆ ಓಡಿದ ಅಪ್ಪ ಅಮ್ಮಂದಿರ ಚಿತ್ರ ನೋಡಿದ ಮೇಲೆ ನಗು ಬರುವುದಿಲ್ಲ. ಬಾಂಬ್ ಇರಲಿಲ್ಲ, ನಿಜ. ಭಯ ಹುಸಿಯಾಗಿರಲಿಲ್ಲ. ಬಜಪೆಯ ಬ್ಯಾಗಿನವನೂ ಶುರು ಮಾಡಿದ್ದು ಹುಸಿ ಕರೆಯಿಂದಲೇ.

ವಾರಸುದಾರರಿಲ್ಲದ ವಸ್ತು ಕಂಡರೆ ಏನು ಮಾಡಬೇಕು ಎಂಬುದೂ ನಮಗೆ ಸರಿಯಾಗಿ ಗೊತ್ತಿಲ್ಲ. ಆ ದಿನ ನನ್ನ ಬ್ಯಾಗಿನ ಜಿಪ್ ಯಾರೋ ಎಳೆದು ನೋಡಿದ್ದರು. ಅದು ನಿಜವಾದದ್ದಾಗಿದ್ದರೆ? ಮುಟ್ಟಬಾರದು, ಸುತ್ತ ನಿಂತು ವಿಡಿಯೊ ಮಾಡಬಾರದು, ದೂರ ಸರಿದು 112ಕ್ಕೆ ಕರೆ ಮಾಡಬೇಕು. ಕಂಡಕ್ಟರ್ ಕೂಗಿದ್ದು ಮಾತ್ರ ಸರಿಯಾಗಿತ್ತು, ಎಲ್ಲರನ್ನೂ ಉದ್ದೇಶಿಸಿ ಕೂಗಿದರು. "ಯಾರದ್ದು?" ಎಂದು ಕೇಳಿದರು. "ಯಾವ ಜನದ್ದು?" ಎಂದು ಕೇಳಲಿಲ್ಲ. ಎಚ್ಚರ ಬೇರೆ, ಅನುಮಾನ ಬೇರೆ. ಎಚ್ಚರ ಬ್ಯಾಗನ್ನು ನೋಡುತ್ತದೆ, ಅನುಮಾನ ಐಡಿ ಕಾರ್ಡನ್ನು ನೋಡುತ್ತದೆ. ನಾಗುರಿಯಲ್ಲೂ ಬಜಪೆಯಲ್ಲೂ ಐಡಿ ಕಾರ್ಡ್ ನೋಡಿದವರು ತಪ್ಪುತ್ತಿದ್ದರು. ಬಜಪೆಯಲ್ಲಿ ಜೀವ ಉಳಿಸಿದ್ದು ಬ್ಯಾಗನ್ನು ನೋಡಿದ ಸಿಬ್ಬಂದಿ.

ಮೊನ್ನೆ ನಮ್ಮ ಪ್ರಾಜೆಕ್ಟಿನ ಅಂತಿಮ ಪ್ರದರ್ಶನ ಇತ್ತು. ಹಳೆಯ ಟಿಫಿನ್ ಡಬ್ಬಿ ತೆಗೆದು ಒಳಗಿನದೆಲ್ಲ ಕಾಣುವ ಪಾರದರ್ಶಕ ಡಬ್ಬಿಗೆ ಬೋರ್ಡ್ ಕೂರಿಸಿದೆವು. ಗೆಳೆಯನೇ ಕೊಟ್ಟ ಉಪಾಯ. ಮೇಲೆ ಚೀಟಿ ಅಂಟಿಸಿ ಕನ್ನಡದಲ್ಲಿ ದೊಡ್ಡದಾಗಿ "ಅಡಿಕೆ ತೋಟದ ಪಂಪಿನ ಟೈಮರ್" ಎಂದು ಬರೆದೆ. ಕೆಳಗೆ ಇಬ್ಬರ ಹೆಸರು ಬರೆಯಲು ಪೆನ್ ಹಿಡಿದಾಗ ಅವನು, "ಬಸ್ಸಲ್ಲಿ ಹೋಗುವಾಗ ನಿನ್ನ ಹೆಸರು ಸಾಕು, ಅಲ್ಲಿ ಹೋಗಿ ನನ್ನದು ಸೇರಿಸಿದರಾಯ್ತು" ಎಂದ. ತಮಾಷೆಗೆ ಹೇಳಿದನೋ ಏನೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ನಾನು ಎರಡೂ ಹೆಸರು ಬರೆದೆ, ಅವನದ್ದನ್ನು ಮೊದಲು. ಕಾಪುವಿನಿಂದ ಅಪ್ಪನ ಆಟೋದಲ್ಲೇ ಹೊರಟೆವು. ಗೆಳೆಯ ಡಬ್ಬಿಯನ್ನು ಹಿಂದೆ ಇಡಲು ಹೋದ. ಅಪ್ಪ ಕನ್ನಡಿಯಲ್ಲಿ ನೋಡಿ, "ಅದು ಹಿಂದೆ ಬೇಡ ಮಗ, ಅಲುಗಾಡಿ ವಯರು ಬಿಡ್ತದೆ. ತೊಡೆ ಮೇಲೆ ಇಟ್ಕೊ" ಎಂದರು. ದಾರಿಯುದ್ದಕ್ಕೂ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.